ಸಣ್ಣ ಕಂಪನಿಗಳಲ್ಲಿ ನಿರ್ದೇಶಕರ ಬದಲಾವಣೆ: ಸಾಲ, ಕರಾರು ಹಾಗೂ ಜಾಮೀನಿನ ಹೊಣೆ

ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವು 2025ರ ಡಿಸೆಂಬರ್ 1ರಂದು ಹೊರಡಿಸಿದ ಅಧಿಸೂಚನೆಯಂತೆ, ಪಾವತಿಯಾದ ಷೇರು ಬಂಡವಾಳವು 10 ಕೋಟಿ ರೂಪಾಯಿಗಳನ್ನೂ ವಾರ್ಷಿಕ ವಹಿವಾಟು 100 ಕೋಟಿ ರೂಪಾಯಿಗಳನ್ನೂ ಮೀರದ ಖಾಸಗಿ ಕಂಪನಿಯು ‘ಸಣ್ಣ ಕಂಪನಿ’ ಎನಿಸಿಕೊಳ್ಳುತ್ತದೆ. 2022ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದ್ದ ಮಿತಿಗಳು ಕ್ರಮವಾಗಿ 4 ಕೋಟಿ ಮತ್ತು 40 ಕೋಟಿ ರೂಪಾಯಿಗಳಾಗಿದ್ದವು. ಬೇರೊಂದು ಕಂಪನಿಯ ಅಂಗಸಂಸ್ಥೆಗೆ ಅಥವಾ ಅಂಗಸಂಸ್ಥೆಯನ್ನು ಹೊಂದಿರುವ ಕಂಪನಿಗೆ ಈ ವ್ಯಾಖ್ಯೆ ಅನ್ವಯಿಸುವುದಿಲ್ಲ.

ಸಣ್ಣ ಕಂಪನಿಗಳಿಗೆ ದೊರೆಯುವ ರಿಯಾಯಿತಿಗಳು ಕಡಿಮೆಯೇನಲ್ಲ. ವರ್ಷಕ್ಕೆ ನಿರ್ದೇಶಕ ಮಂಡಳಿಯ ಎರಡು ಸಭೆಗಳು ಸಾಕು. ನಗದು ಹರಿವಿನ ತಃಖ್ತೆ ಕಡ್ಡಾಯವಲ್ಲ. ಕೆಲವು ದಂಡಗಳ ಪ್ರಮಾಣವೂ ಕಡಿಮೆ. ಆದರೆ ಇವೆಲ್ಲವೂ ಕಂಪನಿ ಮತ್ತು ಸರ್ಕಾರದ ನಡುವಣ ವಿಷಯಗಳು. ಬ್ಯಾಂಕು, ಸರಕು ಪೂರೈಕೆದಾರ, ಕಟ್ಟಡದ ಮಾಲೀಕ ಮತ್ತು ನೌಕರರಿಗೆ ಕಂಪನಿಯು ಸಲ್ಲಿಸಬೇಕಾದ ಬಾಕಿಯಲ್ಲಿ ಈ ಅಧಿಸೂಚನೆಯಿಂದ ಒಂದು ರೂಪಾಯಿಯೂ ತಗ್ಗಿಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. ‘ಸಣ್ಣ ಕಂಪನಿ’ ಎಂಬುದು ಕಂಪನಿಗಳ ಅಧಿನಿಯಮ, 2013ರ ಪದ. ‘ಸಣ್ಣ ಉದ್ಯಮ’ ಎಂಬುದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ ಪದ. 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಕ್ಕೆ ಹೂಡಿಕೆಯ ಮಿತಿ 25 ಕೋಟಿ, ವಹಿವಾಟಿನ ಮಿತಿ 100 ಕೋಟಿ ರೂಪಾಯಿ. ವಹಿವಾಟಿನ ಅಂಕಿ ಎರಡರಲ್ಲಿಯೂ ಒಂದೇ ಆಗಿರುವುದರಿಂದ ಎರಡೂ ಒಂದೇ ಎಂದು ಭಾವಿಸಲಾಗುತ್ತಿದೆ. ಸಣ್ಣ ಕಂಪನಿಯಾದ ಮಾತ್ರಕ್ಕೆ ಉದ್ಯಮ್ ನೋಂದಣಿ ತಾನಾಗಿ ದೊರೆಯುವುದಿಲ್ಲ. ಅದಕ್ಕೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸತಕ್ಕದ್ದು.

ತೊಡಕು ಹೆಚ್ಚಾಗಿ ಕಾಣಿಸಿಕೊಳ್ಳುವುದು ನಿರ್ದೇಶಕರು ಬದಲಾದಾಗ. ಉದಾಹರಣೆಗೆ, ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ, ಇಬ್ಬರು ನಿರ್ದೇಶಕರುಳ್ಳ ಖಾಸಗಿ ಕಂಪನಿಯೊಂದನ್ನು ಭಾವಿಸಿಕೊಳ್ಳಬಹುದು. ಕಂಪನಿಯ ಹೆಸರಿನಲ್ಲಿ ಬ್ಯಾಂಕಿನ ದುಡಿಯುವ ಬಂಡವಾಳದ ಸಾಲವಿದೆ, ಶೆಡ್ಡಿನ ಬಾಡಿಗೆ ಕರಾರಿದೆ, ಉಕ್ಕು ಪೂರೈಸಿದವರಿಗೆ ಬಾಕಿಯಿದೆ. ನಿರ್ದೇಶಕರಲ್ಲೊಬ್ಬರು ರಾಜೀನಾಮೆ ನೀಡಿ, ಅವರ ಸ್ಥಾನಕ್ಕೆ ಬೇರೊಬ್ಬರು ಬರುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಕಂಪನಿಯೇ ಒಬ್ಬ ಪ್ರತ್ಯೇಕ ವ್ಯಕ್ತಿಯಾದ ಕಾರಣ, ಸಹಿ ಮಾಡಿದವರು ಹೊರಟುಹೋದರೂ ಕಂಪನಿಯ ಪರವಾಗಿ ಮಾಡಿದ ಕರಾರುಗಳು ಹಾಗೆಯೇ ಮುಂದುವರಿಯುತ್ತವೆ. ‘ಹಳೆಯವರು ಮಾಡಿದ ಒಪ್ಪಂದ, ನಮಗೆ ಸಂಬಂಧವಿಲ್ಲ’ ಎಂದು ಹೊಸ ಆಡಳಿತವು ಪೂರೈಕೆದಾರರಿಗೆ ಹೇಳುವಂತಿಲ್ಲ.

ಹೊರಹೋದ ನಿರ್ದೇಶಕರ ಸ್ಥಿತಿ ಇದಕ್ಕಿಂತ ಸೂಕ್ಷ್ಮವಾದುದು. ಸಣ್ಣ ಕಂಪನಿಗಳಿಗೆ ಸಾಲ ನೀಡುವಾಗ ಬ್ಯಾಂಕುಗಳು ಸಾಮಾನ್ಯವಾಗಿ ನಿರ್ದೇಶಕರಿಂದ ವೈಯಕ್ತಿಕ ಜಾಮೀನನ್ನೂ ಬರೆಯಿಸಿಕೊಳ್ಳುತ್ತವೆ. ಈ ಜಾಮೀನು ಆ ವ್ಯಕ್ತಿ ಮತ್ತು ಬ್ಯಾಂಕಿನ ನಡುವಣ ಪ್ರತ್ಯೇಕ ಕರಾರು. ಹುದ್ದೆಯನ್ನು ಬಿಟ್ಟ ಮಾತ್ರಕ್ಕೆ ಅದು ಕೊನೆಗೊಳ್ಳುವುದಿಲ್ಲ. ಭಾರತೀಯ ಕರಾರು ಅಧಿನಿಯಮ, 1872ರ ಕಲಂ 128ರನ್ವಯ, ಬೇರೆ ಷರತ್ತು ಇಲ್ಲದಿದ್ದಲ್ಲಿ, ಜಾಮೀನುದಾರನ ಹೊಣೆಯು ಮೂಲ ಸಾಲಗಾರನ ಹೊಣೆಯಷ್ಟೇ ವ್ಯಾಪಕವಾದುದು. ಕಲಂ 130ರಂತೆ ಮುಂದುವರಿಯುವ ಜಾಮೀನನ್ನು ಸಾಲದಾತನಿಗೆ ನೋಟಿಸು ನೀಡಿ ರದ್ದುಪಡಿಸಬಹುದಾದರೂ, ಅದು ಮುಂದಿನ ವ್ಯವಹಾರಗಳಿಗೆ ಮಾತ್ರ ಅನ್ವಯಿಸುತ್ತದೆ. ಅದಾಗಲೇ ಪಡೆದ ಸಾಲದ ಹೊಣೆ ಉಳಿಯುತ್ತದೆ. ರಾಜೀನಾಮೆಯ ಪತ್ರವನ್ನು ಕಂಪನಿಗೆ ಕೊಟ್ಟು ಬ್ಯಾಂಕಿಗೆ ಒಂದು ಸಾಲನ್ನೂ ಬರೆಯದಿರುವುದು ಇಲ್ಲಿ ಆಗುವ ದೊಡ್ಡ ತಪ್ಪು. ಹೊಸ ನಿರ್ದೇಶಕರ ಜಾಮೀನನ್ನು ಬದಲಿಯಾಗಿ ನೀಡಿ, ತಮ್ಮನ್ನು ಬಿಡುಗಡೆಗೊಳಿಸಿರುವ ಬಗ್ಗೆ ಬ್ಯಾಂಕಿನಿಂದ ಲಿಖಿತ ಪತ್ರವನ್ನು ಪಡೆಯುವವರೆಗೆ ಹೊರಹೋಗುವವರ ಮನೆ, ನಿವೇಶನಗಳು ಹೊಣೆಯಿಂದ ಮುಕ್ತವಾದವೆಂದು ಭಾವಿಸಲಾಗದು.

ಈ ಹೊಣೆಯ ತೂಕ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿದೆ. ಕಂಪನಿ ಸಾಲಗಳಿಗೆ ಜಾಮೀನು ನಿಂತ ವ್ಯಕ್ತಿಗಳನ್ನು 2019ರ ಡಿಸೆಂಬರ್ 1ರಿಂದ ದಿವಾಳಿ ಸಂಹಿತೆಯ ವ್ಯಾಪ್ತಿಗೆ ತರಲಾಯಿತು. ಸರ್ವೋಚ್ಚ ನ್ಯಾಯಾಲಯವು 2021ರ ಮೇ 21ರಂದು ಇದನ್ನು ಎತ್ತಿಹಿಡಿಯಿತು. ಕಂಪನಿಯ ಪುನಶ್ಚೇತನ ಯೋಜನೆ ಮಂಜೂರಾದರೂ ಜಾಮೀನುದಾರನು ತಾನಾಗಿ ಋಣಮುಕ್ತನಾಗುವುದಿಲ್ಲವೆಂಬುದು ಆ ತೀರ್ಪಿನ ಸಾರಾಂಶ.

ರಾಜೀನಾಮೆಯ ಕ್ರಮ ಸರಳವಾಗಿದೆ. ಕಲಂ 168ರ ಪ್ರಕಾರ, ನೋಟಿಸು ಕಂಪನಿಗೆ ತಲುಪಿದ ದಿನ ಅಥವಾ ನೋಟಿಸಿನಲ್ಲಿ ನಮೂದಿಸಿದ ದಿನ, ಇವೆರಡರಲ್ಲಿ ನಂತರದ್ದರಿಂದ ಅದು ಜಾರಿಗೆ ಬರುತ್ತದೆ. ಕಂಪನಿಯು 30 ದಿನಗಳೊಳಗೆ ನಮೂನೆ ಡಿಐಆರ್-12ರಲ್ಲಿ ರಿಜಿಸ್ಟ್ರಾರರಿಗೆ ತಿಳಿಸಬೇಕು. ಮನಸ್ತಾಪದಿಂದ ಬೇರೆಯಾದಲ್ಲಿ ಕಂಪನಿಯು ಇದನ್ನು ಸಲ್ಲಿಸದೇ ಇರಬಹುದು. ಅಂಥ ಸಂದರ್ಭದಲ್ಲಿ ರಾಜೀನಾಮೆ ನೀಡಿದವರೇ ನಮೂನೆ ಡಿಐಆರ್-11ನ್ನು ಸಲ್ಲಿಸಬಹುದಾಗಿದೆ. 2018ರಿಂದ ಇದು ಐಚ್ಛಿಕವಾಗಿದ್ದರೂ, ಸಲ್ಲಿಸುವುದೇ ಕ್ಷೇಮ. ಚೆಕ್ ನೀಡುವ ಮೊದಲೇ ರಾಜೀನಾಮೆ ನೀಡಿದ್ದ ನಿರ್ದೇಶಕರ ಮೇಲಿನ ಚೆಕ್ ಅಮಾನ್ಯ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ರದ್ದುಪಡಿಸಿದೆ. ಇಂಥ ವಿವಾದಗಳಲ್ಲಿ ದಿನಾಂಕಕ್ಕೆ ದಾಖಲೆಯ ಆಧಾರ ಬೇಕಾಗುತ್ತದೆ. ಅಧಿಕಾರಾವಧಿಯಲ್ಲಿ ನಡೆದ ಅಪರಾಧಗಳಿಗೆ ಮಾತ್ರ ರಾಜೀನಾಮೆಯ ನಂತರವೂ ಹೊಣೆ ಇರುತ್ತದೆ. ಜಿಎಸ್‌ಟಿ ಬಾಕಿಯ ವಿಷಯದಲ್ಲೂ ಹಾಗೆಯೇ: ಕಂಪನಿಯಿಂದ ವಸೂಲಾಗದಿದ್ದಲ್ಲಿ, ಆ ಅವಧಿಯ ಖಾಸಗಿ ಕಂಪನಿ ನಿರ್ದೇಶಕರು ತಮ್ಮ ಕಡೆಯಿಂದ ತೀವ್ರ ನಿರ್ಲಕ್ಷ್ಯವಾಗಿಲ್ಲವೆಂದು ರುಜುವಾತುಪಡಿಸಬೇಕಾಗುತ್ತದೆ. ನಿರ್ದೇಶಕರ ಬದಲಾವಣೆಯನ್ನು ಜಿಎಸ್‌ಟಿ ನೋಂದಣಿಯಲ್ಲಿಯೂ 15 ದಿನಗಳೊಳಗೆ ತಿದ್ದುಪಡಿ ಮಾಡಿಸತಕ್ಕದ್ದು.

ಹೊಸದಾಗಿ ಸೇರುವವರು ಸಹಿ ಮಾಡುವ ಮುನ್ನ ಕಂಪನಿಯ ಋಣಭಾರಗಳ ವಿವರವನ್ನೂ ಹಿಂದಿನ ವಾರ್ಷಿಕ ವಿವರಣೆಗಳನ್ನೂ ಪರಿಶೀಲಿಸುವುದು ಅಗತ್ಯ. ಮೂರು ವರ್ಷ ಸತತವಾಗಿ ಲೆಕ್ಕಪತ್ರ ಸಲ್ಲಿಸದ ಕಂಪನಿಗಳ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. 2017ರಲ್ಲಿ ದೇಶದಾದ್ಯಂತ 3 ಲಕ್ಷಕ್ಕೂ ಹೆಚ್ಚು ಮಂದಿ ಈ ಪಟ್ಟಿಯಲ್ಲಿ ಸೇರಿದರು. ಅವರಲ್ಲಿ ಹೆಸರಿಗೆ ಮಾತ್ರ ನಿರ್ದೇಶಕರಾಗಿದ್ದ ಬಂಧುಗಳೂ ಇದ್ದರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಪೂರೈಕೆದಾರರು ಉದ್ಯಮ್ ನೋಂದಣಿಯುಳ್ಳ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದಲ್ಲಿ, ಲಿಖಿತ ಒಪ್ಪಂದವಿದ್ದರೂ 45 ದಿನಗಳಿಗಿಂತ ಹೆಚ್ಚಿನ ಗಡುವು ಊರ್ಜಿತವಲ್ಲ. ಗಡುವು ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಮಾಸಿಕ ಚಕ್ರಬಡ್ಡಿ ಸಲ್ಲಬೇಕಾಗುತ್ತದೆ. ಖರೀದಿಸಿದ ಕಂಪನಿಯಲ್ಲಿ ನಿರ್ದೇಶಕರು ಬದಲಾದರೆಂಬ ಕಾರಣಕ್ಕೆ ಈ ಎಣಿಕೆ ಹೊಸದಾಗಿ ಆರಂಭವಾಗುವುದಿಲ್ಲ. ಪೂರೈಕೆದಾರರು ರಾಜ್ಯದ ಸೌಲಭ್ಯ ಮಂಡಳಿಗೆ ಕಲಂ 18ರಡಿ ಅರ್ಜಿ ಸಲ್ಲಿಸಬಹುದಾಗಿದೆ. ಅರ್ಜಿಯನ್ನು ಕಂಪನಿಯ ಹೆಸರಿನ ಮೇಲೆ ಸಲ್ಲಿಸಬೇಕೇ ಹೊರತು ಹಿಂದಿನ ನಿರ್ದೇಶಕರ ಹೆಸರಿನ ಮೇಲಲ್ಲ.

ಕಂಪನಿಯ ಈಗಿನ ನಿರ್ದೇಶಕರ ಹೆಸರುಗಳನ್ನೂ ನೋಂದಾಯಿತ ಋಣಭಾರಗಳನ್ನೂ ಸಚಿವಾಲಯದ ಎಂಸಿಎ ಜಾಲತಾಣದಲ್ಲಿ ಸಾರ್ವಜನಿಕರು ನೋಡಬಹುದಾಗಿದೆ. ಡಿಐಆರ್ ನಮೂನೆಗಳನ್ನು ಅಲ್ಲಿಯೇ ಆನ್‌ಲೈನ್ ಮೂಲಕ ಸಲ್ಲಿಸತಕ್ಕದ್ದು. ಕಂಪನಿ ನೋಂದಣಿಯು ಕೇಂದ್ರ ಸರ್ಕಾರದ ವಿಷಯವಾಗಿರುವುದರಿಂದ ರಾಜ್ಯದ ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಅವುಗಳನ್ನು ಸ್ವೀಕರಿಸಲಾಗುವುದಿಲ್ಲ.