ಅಟ್ಟ ಸೇರಿದ ಆಟಗಳು

ಮಂಗಳೂರಿನ ಬಿಜೈಯಲ್ಲಿ ಹಡಗಿನ ಆಕಾರದ ಕಟ್ಟಡವೊಂದಿದೆ. ಅದುವೇ ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯ. ಕರ್ನಲ್ ಮಿರಾಜ್‌ಕರ್ ಅವರು ತಮ್ಮ ತಾಯಿಯ ನೆನಪಿಗಾಗಿ ದಾನವಾಗಿ ಕೊಟ್ಟ ಈ ಮನೆಯು 1960ರಲ್ಲಿ ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆಯಿತು. ಅದರೊಳಗೆ ಹಳೆಯ ನಾಣ್ಯಗಳೂ ಶಿಲ್ಪಗಳೂ ಇವೆ. ಆ ನಾಣ್ಯಗಳು ಒಂದು ಕಾಲದಲ್ಲಿ ಸಂತೆಯಲ್ಲಿ ಕೈಯಿಂದ ಕೈಗೆ ಸಾಗುತ್ತಿದ್ದ ಸಾಮಾನ್ಯ ವಸ್ತುಗಳೇ ಆಗಿದ್ದವು. ಅಂದು ಅವುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯಬೇಕೆಂದು ಯಾರಿಗೂ ತೋಚಿರಲಾರದು. ಬಳಕೆಯ ವಸ್ತುವು ಚರಿತ್ರೆಯ ವಸ್ತುವಾಗುವುದು ಯಾವಾಗ? ಅದು ಕೈತಪ್ಪಿ ಹೋದ ಮೇಲೆಯೆ, ಅಥವಾ ಅದಕ್ಕಿಂತ ಮೊದಲೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾಣ್ಯಗಳ ಕಾಲಕ್ಕೆ ಹೋಗಬೇಕಾಗಿಲ್ಲ. ಮನೆಯ ಅಟ್ಟವನ್ನು ಹತ್ತಿದರೆ ಸಾಕು.

1990ರ ದಶಕದಲ್ಲಿ ಬಾಲ್ಯವನ್ನು ಕಳೆದವರ ಮನೆಗಳ ಅಟ್ಟದಲ್ಲಿ, ಒಡೆದ ಕೊಡೆ, ತುಕ್ಕು ಹಿಡಿದ ಲಾಟೀನುಗಳ ನಡುವೆ, ರಟ್ಟಿನ ಪೆಟ್ಟಿಗೆಯೊಂದು ದೊರೆಯುವುದುಂಟು. ಅದರಲ್ಲಿ ಪ್ಲಾಸ್ಟಿಕ್ಕಿನ ಒಂದು ಯಂತ್ರ, ಅದಕ್ಕೆ ತಂತಿಯಿಂದ ಜೋಡಿಸಿದ ಎರಡು ಹಿಡಿಗಳು, ಒಂದು ಆಟಿಕೆಯ ಬಂದೂಕು ಮತ್ತು ಕೆಲವು ಹಳದಿ ಬಣ್ಣದ ಬಿಲ್ಲೆಗಳು ಇರುತ್ತವೆ. ಆ ಬಿಲ್ಲೆಗಳನ್ನು ಮಕ್ಕಳು ‘ಕ್ಯಾಸೆಟ್’ ಎಂದು ಕರೆಯುತ್ತಿದ್ದರು. ಹಾಡಿನ ಕ್ಯಾಸೆಟ್ಟಿನಲ್ಲಿರುವಂತೆ ಅದರಲ್ಲಿ ಸುರುಳಿಯಿರಲಿಲ್ಲ; ಆಟವನ್ನು ಬರೆದಿಟ್ಟ ಚಿಪ್ಪುಗಳಿದ್ದವು. ಯಂತ್ರವನ್ನು ಟಿ.ವಿ.ಗೆ ಜೋಡಿಸಿ, ಕ್ಯಾಸೆಟ್ಟನ್ನು ಒತ್ತಿ ಕೂರಿಸಿದರೆ ಪರದೆಯ ಮೇಲೆ ಆಟವು ಮೂಡುತ್ತಿತ್ತು. ಇದೇ ಅಂದಿನ ‘ವಿಡಿಯೋ ಗೇಮ್’.

ಅಂದಿನ ಆ ಮಕ್ಕಳಿಗೆ ಇಂದು ನಲವತ್ತರ ಆಸುಪಾಸು. ಅವರಲ್ಲಿ ನಾಲ್ವರು ಒಂದೆಡೆ ಸೇರಿದರೆ ಮಾತು ಹಳೆಯ ಆಟಗಳತ್ತ ತಿರುಗುವುದುಂಟು. “ಕಾಂಟ್ರಾಕ್ಕಿಂತ ಒಳ್ಳೆಯ ಆಟ ಬೇರೆ ಉಂಟಾ ಮಾರಾಯಾ?” ಎಂದು ಒಬ್ಬನು ಕೇಳಿದರೆ, ಮಾರಿಯೊನ ಮುಂದೆ ಅದು ಏನೂ ಅಲ್ಲವೆಂದು ಇನ್ನೊಬ್ಬನು ವಾದಿಸುತ್ತಾನೆ. ಮೂರನೆಯವನಿಗೆ ಟ್ಯಾಂಕುಗಳ ಯುದ್ಧದ ಬ್ಯಾಟಲ್ ಸಿಟಿಯೇ ಶ್ರೇಷ್ಠ. ಕೇಳುವವರಿಗೆ ಇದು ಬಿಡುವಿನ ಹರಟೆಯಂತೆ ತೋರಬಹುದು. ಆದರೆ ಒಂದು ಕಾಲದ ನೆನಪನ್ನು ಉಳಿಸುವ ಕೆಲಸವು ಬಹುತೇಕ ಇಂತಹ ಹರಟೆಯಿಂದಲೇ ಆರಂಭವಾಗುತ್ತದೆ. ಅದು ಅಲ್ಲಿಗೇ ಮುಗಿಯಬಾರದೆಂಬುದೇ ಇಲ್ಲಿಯ ವಿಚಾರ.

ಮನೆಯ ಟಿ.ವಿ.ಗೆ ಜೋಡಿಸುವ ಆಟದ ಯಂತ್ರವು ಮೊದಲು ಮಾರುಕಟ್ಟೆಗೆ ಬಂದುದು 1972ರಲ್ಲಿ, ಅಮೆರಿಕದಲ್ಲಿ. ಅದರ ಹೆಸರು ಮ್ಯಾಗ್ನವಾಕ್ಸ್ ಒಡಿಸ್ಸಿ. ಅದನ್ನು ಕಲ್ಪಿಸಿದವರು ರಾಲ್ಫ್ ಬೇರ್ ಎಂಬ ಎಂಜಿನಿಯರು. ಆ ಯಂತ್ರಕ್ಕೆ ಪರದೆಯ ಮೇಲೆ ಕೆಲವು ಬಿಳಿಯ ಚುಕ್ಕೆಗಳನ್ನೂ ಗೆರೆಯನ್ನೂ ಮೂಡಿಸುವುದಷ್ಟೇ ಸಾಧ್ಯವಿತ್ತು. ಆದುದರಿಂದ ಬಣ್ಣದ ಚಿತ್ರಗಳಿರುವ ತೆಳುವಾದ ಪ್ಲಾಸ್ಟಿಕ್ ಹಾಳೆಗಳನ್ನು ಟಿ.ವಿ.ಯ ಗಾಜಿನ ಮೇಲೆ ಅಂಟಿಸಿ ಆಡಬೇಕಾಗಿತ್ತು. ದಾಳಗಳೂ ಕಾಗದದ ಹಣವೂ ಪೆಟ್ಟಿಗೆಯಲ್ಲಿದ್ದವು. ಬಂದೂಕು ಬೇಕಾದವರು ಅದನ್ನು ಬೇರೆಯಾಗಿ ಕೊಳ್ಳಬೇಕಾಗಿತ್ತು. ಹೀಗೆ ಆಟದ ಯಂತ್ರವು ಹುಟ್ಟಿದಂದಿನಿಂದಲೂ ತನ್ನ ಪೂರಕ ಸಾಧನಗಳೊಡನೆಯೇ ಬೆಳೆದಿದೆ. ಬೇರ್ ಅವರು ತಯಾರಿಸಿದ ಮೂಲ ಮಾದರಿಯು ಇಂದು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ.

ಭಾರತದ ಮಕ್ಕಳು ಕಂಡ ಯಂತ್ರದ ಮೂಲವು ಜಪಾನಿನದು. ಕ್ಯೋಟೋ ನಗರದ ನಿಂಟೆಂಡೊ ಸಂಸ್ಥೆಯು 1889ರಲ್ಲಿ ಇಸ್ಪೀಟಿನಂತಹ ಎಲೆಗಳನ್ನು ತಯಾರಿಸಲು ಸ್ಥಾಪಿತವಾಯಿತು. 1983ರಲ್ಲಿ ಅದು ಫ್ಯಾಮಿಕಾಮ್ ಎಂಬ ಆಟದ ಯಂತ್ರವನ್ನು ಹೊರತಂದಿತು. ಅದರ ನಕಲುಗಳು ಏಷ್ಯದ ಹಲವು ದೇಶಗಳಲ್ಲಿ ತಯಾರಾಗಿ ನಾನಾ ಹೆಸರುಗಳಿಂದ ಭಾರತದ ಅಂಗಡಿಗಳನ್ನು ಸೇರಿದವು. ಒಂದೇ ಕ್ಯಾಸೆಟ್ಟಿನಲ್ಲಿ ಸಾವಿರಾರು ಆಟಗಳಿವೆಯೆಂಬ ಬರಹವನ್ನು ನಂಬಿ ಕೊಂಡುಕೊಂಡ ಮಕ್ಕಳಿಗೆ ಕೆಲವೇ ಆಟಗಳು ಬೇರೆ ಬೇರೆ ಹೆಸರಿನಿಂದ ಮರಳಿ ಮರಳಿ ಕಾಣಿಸುತ್ತಿದ್ದವು. ಆದರೂ ಆ ಕೆಲವು ಆಟಗಳಲ್ಲಿ ನಿಜವಾದ ಸತ್ತ್ವವಿತ್ತು.

1985ರ ಸೂಪರ್ ಮಾರಿಯೊ ಬ್ರದರ್ಸ್ ಆಟವನ್ನೇ ನೋಡಬಹುದು. ಇಡೀ ಆಟವು ಕೇವಲ 40 ಕಿಲೋಬೈಟ್ ಸ್ಥಳದಲ್ಲಿ ಅಡಗಿದೆ. ಇಂದಿನ ಮೊಬೈಲ್ ಫೋನಿನಿಂದ ತೆಗೆದ ಒಂದು ಛಾಯಾಚಿತ್ರಕ್ಕೆ ಅದರ ಹತ್ತಾರು ಪಟ್ಟು ಸ್ಥಳ ಬೇಕಾಗುತ್ತದೆ. ಸ್ಥಳವನ್ನು ಉಳಿಸುವುದಕ್ಕಾಗಿ ಅದನ್ನು ರಚಿಸಿದವರು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಆಕೃತಿಯನ್ನು ಬಳಸಿದರು; ಬಿಳಿ ಬಣ್ಣ ಕೊಟ್ಟಲ್ಲಿ ಅದು ಮೋಡ, ಹಸಿರು ಕೊಟ್ಟಲ್ಲಿ ಪೊದೆ. ಆಡುವ ಕ್ರಮವನ್ನು ವಿವರಿಸುವ ಒಂದು ಮಾತೂ ಪರದೆಯ ಮೇಲಿಲ್ಲ. ಮೊದಲ ಶತ್ರುವು ಎದುರಿನಿಂದ ನಡೆದುಬರುತ್ತದೆ. ಹಾರದಿದ್ದರೆ ಸೋಲು, ಹಾರಿದರೆ ಪಾಠ ಕಲಿತಂತೆ. ಇಂಗ್ಲಿಷನ್ನೂ ಜಪಾನೀ ಭಾಷೆಯನ್ನೂ ಅರಿಯದ ಕನ್ನಡದ ಮಗುವೊಂದು ಅರ್ಧ ಗಳಿಗೆಯಲ್ಲಿ ಅದನ್ನು ಕಲಿಯಲು ಸಾಧ್ಯವಾದುದು ಇದರಿಂದಲೇ. ಯಾವ ಆಟ ಶ್ರೇಷ್ಠವೆಂಬ ವಾದಕ್ಕೆ ಇದೊಂದು ಒಳ್ಳೆಯ ಒರೆಗಲ್ಲು. ಬಾಲ್ಯದಲ್ಲಿ ಆಡಿದ ಆಟವೆಲ್ಲ ಸವಿಯಾಗಿಯೇ ತೋರುತ್ತದೆ. ಆ ನೆನಪಿಲ್ಲದ ಇಂದಿನ ಮಗುವಿನ ಕೈಗೆ ಕೊಟ್ಟಾಗಲೂ ಅದು ರುಚಿಸಿದರೆ ಮಾತ್ರ ಆಟವು ನಿಜವಾಗಿ ಉತ್ತಮವಾದುದು.

ಆದರೆ ಅಂತಹ ಪರೀಕ್ಷೆ ನಡೆಯಬೇಕಾದರೆ ಆಟವು ಆಡುವ ಸ್ಥಿತಿಯಲ್ಲಿರಬೇಕಲ್ಲವೆ? ಕಷ್ಟವಿರುವುದು ಇಲ್ಲಿಯೇ. ಬಾತುಕೋಳಿಗಳನ್ನು ಹೊಡೆದುರುಳಿಸುವ ಡಕ್ ಹಂಟ್ ಎಂಬ ಆಟವನ್ನು ಅನೇಕರು ನೆನೆಯುತ್ತಾರೆ. ಅದರ ಬಂದೂಕಿನಿಂದ ಏನೋ ಕಿರಣವು ಹೊರಟು ಹಕ್ಕಿಗೆ ತಾಗುತ್ತದೆಂದು ಮಕ್ಕಳು ನಂಬಿದ್ದರು. ವಾಸ್ತವವು ಇದಕ್ಕೆ ವಿರುದ್ಧವಾದುದು. ಆ ಬಂದೂಕು ಏನನ್ನೂ ಹಾರಿಸುವುದಿಲ್ಲ, ಅದು ನೋಡುತ್ತದೆ. ಕುದುರೆಯನ್ನು ಎಳೆದೊಡನೆ ಪರದೆಯು ಕ್ಷಣದ ಒಂದು ಸಣ್ಣ ಅಂಶದಷ್ಟು ಕಾಲ ಕಪ್ಪಾಗಿ, ಹಕ್ಕಿಯಿದ್ದ ಜಾಗದಲ್ಲಿ ಮಾತ್ರ ಬಿಳಿಯ ಚೌಕವೊಂದು ಹೊಳೆಯುತ್ತದೆ. ನಳಿಗೆಯೊಳಗಿನ ಬೆಳಕುಗ್ರಾಹಿಗೆ ಆ ಹೊಳಪು ಕಂಡರೆ ಗುರಿ ತಾಗಿತೆಂದು ಲೆಕ್ಕ. ಈ ಉಪಾಯವು ನಡೆಯುವುದು ಬೆನ್ನು ಉಬ್ಬಿದ ಹಳೆಯ ಪಿಕ್ಚರ್ ಟ್ಯೂಬಿನ ಟಿ.ವಿ.ಯಲ್ಲಿ ಮಾತ್ರ. ಇಂದಿನ ಚಪ್ಪಟೆಯ ಟಿ.ವಿ.ಯು ಚಿತ್ರವನ್ನು ಬೇರೆ ರೀತಿಯಿಂದ, ತುಸು ತಡವಾಗಿ ಮೂಡಿಸುವುದರಿಂದ ಬಂದೂಕು ಅಲ್ಲಿ ಕುರುಡಾಗುತ್ತದೆ. ಯಂತ್ರ, ಕ್ಯಾಸೆಟ್, ಬಂದೂಕು ಮೂರೂ ಸರಿಯಾಗಿದ್ದು ಹಳೆಯ ಟಿ.ವಿ.ಯೊಂದು ಗುಜರಿಗೆ ಹೋಗಿದ್ದರೆ, ಡಕ್ ಹಂಟ್ ಆಟವು ಆ ಮನೆಯ ಮಟ್ಟಿಗೆ ಸತ್ತಂತೆಯೇ.

ಇತರ ಪೂರಕ ಸಾಧನಗಳ ಕತೆಯೂ ಇದೇ. ನಿಂಟೆಂಡೊ ಸಂಸ್ಥೆಯು 1986ರಲ್ಲಿ ಫ್ಯಾಮಿಕಾಮಿಗೆ ಜೋಡಿಸುವ ಡಿಸ್ಕ್ ಸಾಧನವೊಂದನ್ನು ಜಪಾನಿನಲ್ಲಿ ಹೊರತಂದಿತು. ಹೆಸರಾಂತ ಜೆಲ್ಡಾ ಆಟವು ಮೊದಲು ಬೆಳಕು ಕಂಡುದು ಆ ಡಿಸ್ಕಿನಲ್ಲಿಯೇ. ಅದರೊಳಗೆ ತಿರುಗುವ ರಬ್ಬರಿನ ಪಟ್ಟಿಯೊಂದಿದೆ. ವರ್ಷಗಳು ಕಳೆದಂತೆ ಅದು ಸಡಿಲಗೊಂಡು ಸಾಧನವು ನಿಂತುಬಿಡುತ್ತದೆ. ಸೆಗಾ ಸಂಸ್ಥೆಯು ತನ್ನ ಮೆಗಾ ಡ್ರೈವ್ ಯಂತ್ರದ ಬಲವನ್ನು ಹೆಚ್ಚಿಸಲು 1994ರಲ್ಲಿ 32ಎಕ್ಸ್ ಎಂಬ ಜೋಡಣೆಯನ್ನು ಮಾರಿತು. ಅದೇ ತಿಂಗಳಲ್ಲಿ ಅದರದೇ ಹೊಸ ಯಂತ್ರವು ಜಪಾನಿನಲ್ಲಿ ಬಿಡುಗಡೆಯಾದುದರಿಂದ ಜೋಡಣೆಯು ಅಲ್ಪಕಾಲದಲ್ಲಿಯೇ ಮೂಲೆಗುಂಪಾಯಿತು. ಅದಕ್ಕಾಗಿಯೇ ರಚಿಸಿದ ಆಟಗಳನ್ನು ಆಡಲು ಮಾತ್ರ ಇಂದಿಗೂ ಆ ಜೋಡಣೆಯೇ ಬೇಕು.

ಈ ಮಾತನ್ನು ತುಳುನಾಡಿನ ಚೆನ್ನೆಮಣೆಯೊಡನೆ ಹೋಲಿಸಿದರೆ ವಿಷಯವು ಮತ್ತಷ್ಟು ಸ್ಪಷ್ಟವಾಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಮನೆಯ ಚಾವಡಿಯಲ್ಲಿ ಕುಳಿತು ಆಡುವ ಆಟ ಅದು. ಮಣೆಯಲ್ಲಿ ಹದಿನಾಲ್ಕು ಗುಳಿಗಳು. ಗುಳಿಗೆ ನಾಲ್ಕರಂತೆ ಮಂಜೊಟ್ಟಿ ಕಾಯಿಗಳು. ಮಣೆಯು ಗೆದ್ದಲು ಹಿಡಿದರೂ ಆಟವು ಅಳಿಯುವುದಿಲ್ಲ. ನೆಲದಲ್ಲಿ ಗುಳಿ ತೋಡಿ, ಹುಣಸೆಯ ಬೀಜವಿಟ್ಟು ಅಜ್ಜಿಯು ಮೊಮ್ಮಗಳಿಗೆ ಅದನ್ನು ಕಲಿಸಬಲ್ಲಳು. ಏಕೆಂದರೆ ಆ ಆಟದ ನಿಯಮಗಳು ಅಜ್ಜಿಯ ತಲೆಯಲ್ಲಿವೆ. ವಿಡಿಯೋ ಗೇಮಿನ ನಿಯಮಗಳಾದರೋ ಚಿಪ್ಪಿನೊಳಗೆ ಬೀಗ ಹಾಕಿಕೊಂಡಿವೆ. ಚಿಪ್ಪು ಕೆಟ್ಟರೆ ಅವುಗಳನ್ನು ಬಾಯಿಂದ ಹೇಳಿಕೊಡಲು ಯಾರಿಂದಲೂ ಆಗದು. ಹೊಸದಾಗಿ ಕಾಣುವ ಈ ಆಟಗಳು ಶತಮಾನಗಳಷ್ಟು ಹಳೆಯ ಆಟಕ್ಕಿಂತ ಬೇಗ ಅಳಿಯಬಲ್ಲವು.

ಆಟಗಳನ್ನು ದಾಖಲಿಸುವುದು ದೊಡ್ಡವರ ಕೆಲಸವಲ್ಲವೆಂದು ಭಾವಿಸುವವರು ಮೈಸೂರಿನತ್ತ ನೋಡಬೇಕು. 1868ರಲ್ಲಿ ದಿವಂಗತರಾದ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳಲ್ಲಿ ಅಪಾರ ಆಸಕ್ತಿಯುಳ್ಳವರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ‘ಕೌತುಕನಿಧಿ’ಯೂ ಒಂದು, ಅದರ ವಸ್ತುವೇ ಆಟಗಳು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನವು ಮಣೆಯಾಟಗಳನ್ನು ಮತ್ತೆ ತಯಾರಿಸಿ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳನ್ನು ಏರ್ಪಡಿಸಿದೆ. ಬರೆದಿಟ್ಟ ಆಟಕ್ಕೆ ಮರುಜನ್ಮವುಂಟು. ಬರೆದಿಡದ ಆಟಕ್ಕೆ ಆ ಭಾಗ್ಯವಿಲ್ಲ.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ವಿಡಿಯೋ ಗೇಮ್ ಮಕ್ಕಳ ಓದನ್ನು ಕೆಡಿಸಿತೆಂದು ಅಂದಿನ ತಾಯಿತಂದೆಯರು ಗೊಣಗಿದರು; ಅದರಲ್ಲಿ ಸತ್ಯಾಂಶವಿದೆ. ಯಾವ ಆಟವೂ ಮಿತಿಮೀರಿದರೆ ಕೇಡೇ. ಆದರೆ ಒಂದು ವಸ್ತುವನ್ನು ಜೋಪಾನ ಮಾಡುವುದೆಂದರೆ ಅದಕ್ಕೆ ದಾಸನಾಗುವುದಲ್ಲ. ವಸ್ತುಸಂಗ್ರಹಾಲಯದಲ್ಲಿ ಕತ್ತಿಯನ್ನಿಡುವವರು ಯುದ್ಧವನ್ನು ಬಯಸುವವರಲ್ಲವಷ್ಟೆ. ಇದು ಕೇವಲ ವ್ಯಾಪಾರದ ಸರಕು, ಹೋದರೆ ಹೋಗಲಿ ಎಂಬುದು ಇನ್ನೊಂದು ಆಕ್ಷೇಪ. ಅಮೆರಿಕದ ಅಟಾರಿ ಸಂಸ್ಥೆಯು 1983ರಲ್ಲಿ ಮಾರಾಟವಾಗದ ತನ್ನ ಆಟಗಳನ್ನು ನ್ಯೂ ಮೆಕ್ಸಿಕೊ ಪ್ರಾಂತದ ಕಸದ ಗುಂಡಿಯೊಂದರಲ್ಲಿ ಹೂತಿತು. 2014ರಲ್ಲಿ ಆ ಗುಂಡಿಯನ್ನು ಅಗೆದು ತೆಗೆದರು. ಅಲ್ಲಿ ದೊರೆತ ಆಟವೊಂದು ಸ್ಮಿತ್‌ಸೋನಿಯನ್ ಸಂಸ್ಥೆಯನ್ನು ಸೇರಿತು. ಕಸವೆಂದು ತೀರ್ಮಾನಿಸಿದುದನ್ನು ಮೂವತ್ತೊಂದು ವರ್ಷಗಳ ಬಳಿಕ ಮಣ್ಣಿನಿಂದ ಹೆಕ್ಕಬೇಕಾಯಿತು. ಆಟಗಳನ್ನು ತಯಾರಿಸಿದ ಸಂಸ್ಥೆಗಳೇ ಅವುಗಳನ್ನು ಕಾಯುತ್ತವೆಂದು ನಂಬಿ ಕೂರುವುದೂ ಸರಿಯಲ್ಲ. 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇಕಡಾ 87ರಷ್ಟು ಈಗ ಅಂಗಡಿಯಲ್ಲಿ ಹೊಸದಾಗಿ ಸಿಗುವುದಿಲ್ಲವೆಂದು ಅಲ್ಲಿಯ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನವು ತಿಳಿಸಿತು.

ಹಳೆಯ ಆಟಗಳ ಅಭಿಮಾನಿಗಳೂ ತಮ್ಮ ದೋಷವನ್ನು ಕಾಣಬೇಕು. ಮುಚ್ಚಿದ ಪೆಟ್ಟಿಗೆಯ ಮುದ್ರೆಯನ್ನು ಒಡೆಯದೆ, ಬೆಲೆ ಏರಲೆಂದು ಕಪಾಟಿನಲ್ಲಿಡುವವರಿದ್ದಾರೆ. ಆಡದ ಆಟವು ಬಾರಿಸದ ಚೆಂಡೆಯಂತೆ. ಬೀಗದೊಳಗೆ ಕೂಡಿಡುವುದು ಸಂಗ್ರಹವಾದೀತು, ಸಂರಕ್ಷಣೆಯಾಗಲಾರದು. ಹಿಡಿಯ ಗುಂಡಿಯನ್ನು ಒತ್ತುವ ಬೆರಳು, ಪಕ್ಕದಲ್ಲಿ ಕುಳಿತು ತನ್ನ ಸರದಿಗಾಗಿ ಕಾಯುವ ಗೆಳೆಯ, ಇವರೂ ಸೇರಿದಾಗಲೇ ಅದು ಆಟ.

ಹಾಗಾದರೆ ಮಾಡಬೇಕಾದುದೇನು? ಕರಾವಳಿಯಲ್ಲಿ ಮೊದಲ ಶತ್ರುವೆಂದರೆ ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುವ ಊರಿನಲ್ಲಿ ಕ್ಯಾಸೆಟ್ಟಿನ ಲೋಹದ ಹಲ್ಲುಗಳು ಕಿಲುಬುಗಟ್ಟುವುದು ಸಹಜ. ಅಂದಿನ ಮಕ್ಕಳು ಆಟವು ಮೂಡದಿದ್ದಾಗ ಕ್ಯಾಸೆಟ್ಟಿಗೆ ಉಫ್ ಎಂದು ಊದುತ್ತಿದ್ದರು. ಆ ಉಸಿರಿನ ತೇವವೂ ಲೋಹಕ್ಕೆ ಹಾನಿಕರ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸುವುದು ಸರಿಯಾದ ಕ್ರಮ. ಬಳಿಕ ಅದನ್ನು ಒಣಗಿದ ಜಾಗದಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿಡಬೇಕು. ಎರಡನೆಯದಾಗಿ, ಯಂತ್ರವನ್ನು ಯಾವ ವರ್ಷ, ಎಲ್ಲಿ ಕೊಂಡರು, ಮನೆಯಲ್ಲಿ ಯಾರು ಯಾರು ಆಡಿದರು, ಯಾವ ಆಟಕ್ಕೆ ಮಕ್ಕಳು ಏನೆಂದು ಹೆಸರಿಟ್ಟರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯೊಳಗಿಡಬೇಕು. ಜಪಾನಿನ ಯಂತ್ರದ ಚರಿತ್ರೆಯನ್ನು ಜಪಾನಿನವರು ಬರೆದಾರು. ಅದರ ನಕಲನ್ನು ಹಂಚಿಕೊಂಡು ಆಡಿದ ಬಿಜೈಯ ಮಕ್ಕಳ ಚರಿತ್ರೆಯನ್ನು ಬಿಜೈಯವರೇ ಬರೆಯಬೇಕು. ಮೂರನೆಯದಾಗಿ, ಊರಿಗೊಂದು ಕಡೆಯಾದರೂ, ಶಾಲೆಯಲ್ಲಾಗಲಿ ವಸ್ತುಸಂಗ್ರಹಾಲಯದಲ್ಲಾಗಲಿ, ಚೆನ್ನೆಮಣೆಯ ಪಕ್ಕದಲ್ಲಿ ಹಳೆಯ ಟಿ.ವಿ.ಯೊಂದನ್ನೂ ಅದರ ಯಂತ್ರವನ್ನೂ ಇಟ್ಟು, ಎಲ್ಲರೂ ಮುಟ್ಟಿ ಆಡುವ ಅವಕಾಶವಿರಬೇಕು.

ನಾಣ್ಯಗಳನ್ನು ಕಾಪಾಡಿದವರು ರಾಜರಲ್ಲ. ಅವುಗಳನ್ನು ಕರಗಿಸದೆ ಉಳಿಸಿದ ಸಾಮಾನ್ಯರು. ಅಟ್ಟವನ್ನು ಶುಚಿಗೊಳಿಸುವ ದಿನ ಗುಜರಿಯವನು ಬಾಗಿಲಲ್ಲಿ ತಕ್ಕಡಿ ಹಿಡಿದು ನಿಂತಿರುತ್ತಾನೆ. ಅವನ ತಕ್ಕಡಿಯು ಪ್ಲಾಸ್ಟಿಕ್ಕಿನ ತೂಕವನ್ನಷ್ಟೇ ಬಲ್ಲುದು. ಆ ಪೆಟ್ಟಿಗೆಯಲ್ಲಿ ಬೇರೇನಿದೆಯೆಂಬುದನ್ನು ತೂಗಿ ನೋಡಬೇಕಾದವರು ಮನೆಯವರು. ಕೊಡುವ ಮುನ್ನ ಅದನ್ನೊಮ್ಮೆ ತೆರೆದು ನೋಡುವುದು, ಆಡಿದವರನ್ನು ಕರೆದು ಕೇಳುವುದು ದೊಡ್ಡ ಶ್ರಮವೇನಲ್ಲ. ಬಳಕೆಯ ವಸ್ತುವು ಚರಿತ್ರೆಯ ವಸ್ತುವಾಗುವುದು ಆ ಒಂದು ಕ್ಷಣದ ವಿವೇಕದಿಂದಲೇ.