ಒಂದೇ ಪೊರೆ, ಹತ್ತು ರೇಟು!

"ಕಣ್ಣಿನ ಪೊರೆ ತೆಗೆಸೋಕೆ ಎಷ್ಟಾಯ್ತದೆ ಸ್ವಾಮಿ?"

ಶಾಂತಿಗ್ರಾಮದ ಬಸ್ ಸ್ಟಾಪಿನಲ್ಲಿ ನಿಂತು ಈ ಪ್ರಶ್ನೆ ಕೇಳಿ ನೋಡಿ. ಒಬ್ಬರು "ಪುಕ್ಕಟೆ" ಅಂತಾರೆ. ಇನ್ನೊಬ್ಬರು "ಹಾಸನದಲ್ಲಿ ಇಷ್ಟು ಸಾವಿರ ಆಯ್ತು" ಅಂತ ಬೆರಳು ಎಣಿಸ್ತಾರೆ. ಮಗನ ಮನೆಗೆ ಹೋಗಿ ಬೆಂಗಳೂರಿನಲ್ಲಿ ಮಾಡಿಸಿಕೊಂಡು ಬಂದವರು ಲಕ್ಷದ ಮಾತಾಡ್ತಾರೆ. ಮೂವರಿಗೂ ಬಂದದ್ದು ಅದೇ ಪೊರೆ. ಮೂವರೂ ಆಪರೇಷನ್ ಆದ ದಿನವೇ ಮನೆಗೆ ಬಂದವರು. ಹಾಗಾದರೆ ಈ ಅಂತರ ಎಲ್ಲಿಂದ ಬಂತು?

ಇದು ನಮ್ಮೂರಿನ ಗೊಂದಲ ಮಾತ್ರ ಅಲ್ಲ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಅರ್ಜಿಯಲ್ಲಿ ಇದೇ ಪೊರೆ ಆಪರೇಷನ್ನಿನ ಉದಾಹರಣೆ ಇತ್ತು. ಸರ್ಕಾರಿ ವ್ಯವಸ್ಥೆಯಲ್ಲಿ ಒಂದು ಕಣ್ಣಿಗೆ 10,000 ರೂಪಾಯಿವರೆಗೆ ತಗಲುವ ಕೆಲಸಕ್ಕೆ ಖಾಸಗಿ ಆಸ್ಪತ್ರೆಗಳಲ್ಲಿ 30,000ದಿಂದ 1,40,000 ರೂಪಾಯಿವರೆಗೆ ತೆಗೆದುಕೊಳ್ಳುತ್ತಾರೆ ಎಂದು ಅರ್ಜಿದಾರರು ಹೇಳಿದ್ದರು. ದರ ನಿಗದಿಗೆ ಏನು ಮಾಡುತ್ತೀರಿ ಎಂದು ಕೋರ್ಟು ಕೇಂದ್ರ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಕಣ್ಣಿನ ಡಾಕ್ಟರುಗಳ ಅಖಿಲ ಭಾರತ ಸಂಘದವರು ಸುಮ್ಮನಿರಲಿಲ್ಲ. "ಎಲ್ಲ ಕಡೆಗೂ ಒಂದೇ ರೇಟು ಅಂದರೆ ಹೇಗೆ?" ಎಂದು ಅದೇ ವರ್ಷ ಅವರೂ ಅದೇ ಕೋರ್ಟಿನ ಮೆಟ್ಟಿಲು ಹತ್ತಿದರು.

ಇಬ್ಬರ ಮಾತಿನಲ್ಲೂ ಹುರುಳಿದೆ. ಹೇಗೆ ಅಂತ ಬಿಡಿಸಿ ನೋಡೋಣ.

ಸೋಡಾ ಬುಡ್ಡಿ ಕಾಲ

ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಈ ರಗಳೆ ಇರಲಿಲ್ಲ. ಪೊರೆ ಬಂದ ಮಸೂರವನ್ನು ಪೂರ್ತಿ ತೆಗೆದುಹಾಕುವುದು, ಸೋಡಾ ಬುಡ್ಡಿಯಂಥ ದಪ್ಪ ಕನ್ನಡಕ ಹಾಕಿ ಮನೆಗೆ ಕಳಿಸುವುದು. ಕರ್ನಾಟಕದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹಾಕಿ, ದಿನಕ್ಕೆ ನೂರಾರು ಕಣ್ಣುಗಳಿಗೆ ಕೈಹಚ್ಚಿ ದೇಶಕ್ಕೇ ಹೆಸರಾದದ್ದು ಆ ಕಾಲದಲ್ಲಿ. ಇದ್ದದ್ದು ಒಂದೇ ವಿಧಾನ. ಬಡವನಿಗೂ ಅದೇ, ಸಾಹುಕಾರನಿಗೂ ಹೆಚ್ಚುಕಮ್ಮಿ ಅದೇ.

ಕಣ್ಣಿನೊಳಗೇ ಕೃತಕ ಲೆನ್ಸು ಕೂರಿಸುವ ಪದ್ಧತಿ ಬಂದ ಮೇಲೆ ಲೆಕ್ಕ ಬದಲಾಯಿತು. ಇಂಗ್ಲೆಂಡಿನ ಡಾ. ಹೆರಾಲ್ಡ್ ರಿಡ್ಲೆ ಮೊದಲ ಲೆನ್ಸು ಕೂರಿಸಿದ್ದು 1949ರಲ್ಲಿ. ಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಗಾಜಿನ ಚೂರು ಪೈಲಟ್ಟುಗಳ ಕಣ್ಣಿಗೆ ಹೊಕ್ಕರೂ ಕಣ್ಣು ಕೆಡದೇ ಉಳಿದದ್ದು ಕಂಡು ಅವರಿಗೆ ಈ ಯೋಚನೆ ಹೊಳೆಯಿತಂತೆ. ನಮ್ಮ ದೇಶದ ಸಾಮಾನ್ಯ ಜನರಿಗೆ ಆ ಲೆನ್ಸು ದಕ್ಕುವಷ್ಟರಲ್ಲಿ ನಲವತ್ತು ವರ್ಷಕ್ಕೂ ಮೇಲಾಯಿತು. ಹೊರದೇಶದ ಲೆನ್ಸಿಗೆ ಆಗ ನೂರು ಡಾಲರಿನ ಆಸುಪಾಸು ಬೆಲೆ. ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯವರು 1992ರಲ್ಲಿ ಆರೋಲ್ಯಾಬ್ ಎಂಬ ತಮ್ಮದೇ ಕಾರ್ಖಾನೆ ತೆರೆದು ಅದನ್ನು ಹತ್ತು ಡಾಲರಿಗೆ ಇಳಿಸಿದರು. ಅಲ್ಲಿಗೆ ಬಡವರ ಕಣ್ಣಿಗೂ ಲೆನ್ಸು ಬಂತು. ಆದರೆ ಲೆನ್ಸಿನ ಜತೆಗೇ ಹತ್ತು ರೇಟುಗಳೂ ಬಂದವು.

ರೇಟಿನ ಹೂರಣ

ಹಾಸನದ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆಗೆ ಒಂದೇ ರೇಟು ಇರುತ್ತಾ? ಗಾತ್ರ ನೋಡಿ, ಸಿಪ್ಪೆ ನೋಡಿ ಬೆಲೆ ಕಟ್ತಾರೆ. ಪೊರೆ ಆಪರೇಷನ್ನೂ ಹಾಗೇ. ಹೆಸರು ಒಂದು, ಒಳಗಿನ ಮಾಲು ಬೇರೆ ಬೇರೆ.

ಮೊದಲನೆಯದು ಲೆನ್ಸು. ಗಟ್ಟಿ ಲೆನ್ಸು ಎಲ್ಲಕ್ಕಿಂತ ಅಗ್ಗ. ಮಡಚಿ ಒಳಗೆ ತೂರಿಸುವ ಲೆನ್ಸಿಗೆ ಅದಕ್ಕಿಂತ ಹೆಚ್ಚು, ಅದರಲ್ಲೇ ಸ್ವದೇಶಿಗೆ ಒಂದು ಬೆಲೆ, ವಿದೇಶಿಗೆ ಇನ್ನೊಂದು. ಸಿಲಿಂಡರ್ ಪವರ್ ಸರಿಮಾಡುವ ಲೆನ್ಸು, ದೂರಕ್ಕೂ ಓದುವುದಕ್ಕೂ ಒಂದೇ ಸಾಕು ಎನ್ನುವ ಲೆನ್ಸು ಎಲ್ಲಕ್ಕಿಂತ ದುಬಾರಿ. ಸಾದಾ ಲೆನ್ಸು ಹಾಕಿಸಿಕೊಂಡವರಿಗೆ ಪೇಪರ್ ಓದಲು ಕನ್ನಡಕ ಬೇಕಾಗುತ್ತೆ, ಅಷ್ಟೇ. ದುಬಾರಿಯದರಲ್ಲಿ ಕನ್ನಡಕದ ಕಾಟ ತಪ್ಪಬಹುದು. ಆದರೆ ರಾತ್ರಿ ಹೊತ್ತು ಲೈಟಿನ ಸುತ್ತ ಬಳೆ ಬಳೆಯಾಗಿ ಕಾಣುವ ತೊಂದರೆ ಕೆಲವರಿಗೆ ಉಂಟು. ರಾತ್ರಿ ಗಾಡಿ ಓಡಿಸುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಎರಡನೆಯದು ವಿಧಾನ. ಸಣ್ಣ ಗಾಯ ಮಾಡಿ, ಹೊಲಿಗೆ ಇಲ್ಲದೆ ಕೈಯಿಂದಲೇ ಪೊರೆ ತೆಗೆಯುವುದು ಒಂದು. ಇನ್ನೂ ಸಣ್ಣ ಗಾಯದಲ್ಲಿ ಯಂತ್ರದ ಸೂಜಿ ತೂರಿಸಿ ಪೊರೆಯನ್ನು ಪುಡಿಮಾಡಿ ಹೀರುವ 'ಫೇಕೋ' ಇನ್ನೊಂದು. ನಮ್ಮ ಜನ ಇದನ್ನೇ 'ಲೇಸರ್ ಆಪರೇಷನ್' ಅಂತಾರೆ, ಆದರೆ ಫೇಕೋದಲ್ಲಿ ಕೆಲಸ ಮಾಡುವುದು ಲೇಸರ್ ಅಲ್ಲ, ಕಿವಿಗೆ ಕೇಳದಂಥ ಶಬ್ದತರಂಗ. ನಿಜವಾದ ಲೇಸರ್ ಬಳಸುವ ಮೂರನೆಯ ವಿಧಾನವೂ ಇದೆ, ಅದರ ರೇಟು ಇನ್ನೂ ಮೇಲೆ. ಹಾಗಾಗಿ 'ಲೇಸರ್' ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಬೆಲೆಗಳು ಅಡಗಿ ಕೂತಿವೆ.

ಮೂರನೆಯದು ಗಿರಾಕಿ ಸಂಖ್ಯೆ. ಇದು ಅಂಗಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲಕ್ಷಾಂತರ ರೂಪಾಯಿಯ ಯಂತ್ರ ತಂದವನು ದಿನಕ್ಕೆ ಎರಡು ಆಪರೇಷನ್ ಮಾಡಿದರೆ ಒಂದೊಂದು ಕಣ್ಣಿನ ತಲೆಯ ಮೇಲೆ ಬೀಳುವ ಖರ್ಚೇ ಬೇರೆ, ಇಪ್ಪತ್ತು ಮಾಡಿದರೆ ಬೀಳುವ ಖರ್ಚೇ ಬೇರೆ. ಡಾ. ಜಿ. ವೆಂಕಟಸ್ವಾಮಿಯವರು ಸರ್ಕಾರಿ ಕೆಲಸದಿಂದ ರಿಟೈರಾದ ಮೇಲೆ, 1976ರಲ್ಲಿ, 11 ಹಾಸಿಗೆಯಿಂದ ಅರವಿಂದ ಆಸ್ಪತ್ರೆ ಶುರುಮಾಡಿದರು. ಅಲ್ಲಿ ಒಂದು ಮೇಜಿನ ಮೇಲೆ ಆಪರೇಷನ್ ನಡೆಯುತ್ತಿರುವಾಗಲೇ ಪಕ್ಕದ ಮೇಜಿನಲ್ಲಿ ಮುಂದಿನ ರೋಗಿ ಸಿದ್ಧ. ಕೊಡಬಲ್ಲವರ ದುಡ್ಡಿನಲ್ಲಿ ಕೊಡಲಾರದವರದೂ ನಡೆಯುತ್ತೆ. ಭರ್ತಿ ಬಸ್ಸಿಗೂ ಖಾಲಿ ಬಸ್ಸಿಗೂ ಡೀಸೆಲ್ ಖರ್ಚು ಹೆಚ್ಚುಕಮ್ಮಿ ಒಂದೇ ತಾನೇ?

ನಾಲ್ಕನೆಯದು, ದುಡ್ಡು ಯಾರ ಜೇಬಿನಿಂದ ಹೋಗುತ್ತೆ ಎಂಬುದು. 'ಉಚಿತ ಶಿಬಿರ' ಅಂದರೆ ಖರ್ಚೇ ಇಲ್ಲ ಅಂತಲ್ಲ. ಕೇಂದ್ರ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದ ಇದೆ. ಸೇವಾ ಸಂಸ್ಥೆಗಳ ಆಸ್ಪತ್ರೆಗೆ ಕಣ್ಣಿಗೆ ಇಷ್ಟು ಅಂತ ಅದರಿಂದ ಸಹಾಯಧನ ಬರುತ್ತೆ, ಉಳಿದದ್ದನ್ನು ದಾನಿಗಳು ತುಂಬುತ್ತಾರೆ. ಇನ್ಷೂರೆನ್ಸ್ ಇದ್ದವರ ಕಥೆ ಬೇರೆ. ಪೊರೆಗೆ ಇಷ್ಟೇ ಕೊಡುತ್ತೇವೆ ಎಂಬ ಮಿತಿ, ಪಾಲಿಸಿ ಮಾಡಿಸಿದ ಮೇಲೆ ಇಷ್ಟು ವರ್ಷ ಕಾಯಬೇಕು ಎಂಬ ಷರತ್ತು ಅನೇಕ ಪಾಲಿಸಿಗಳಲ್ಲಿ ಸಣ್ಣಕ್ಷರದಲ್ಲಿ ಇರುತ್ತೆ.

ಇದರ ಮೇಲೆ ಡಾಕ್ಟರ ಫೀಜು, ಕಟ್ಟಡದ ಬಾಡಿಗೆ, ನರ್ಸುಗಳ ಸಂಬಳ, ಪರೀಕ್ಷೆಗಳು. ಬೆಂಗಳೂರಿನ ಬಾಡಿಗೆಯೂ ಹೊಳೆನರಸೀಪುರದ ಬಾಡಿಗೆಯೂ ಒಂದೇ ಅಲ್ಲ. ಇಷ್ಟರ ಮಟ್ಟಿಗೆ ಡಾಕ್ಟರುಗಳ ಸಂಘದ ವಾದ ನ್ಯಾಯವಾದದ್ದೇ.

ಬಿಲ್ಲಿನಲ್ಲಿ ಕಾಣದ್ದು

ಅನ್ಯಾಯ ಶುರುವಾಗುವುದು ಇಲ್ಲಿಂದಾಚೆಗೆ. ಎಂ.ಆರ್.ಪಿ. ಅಂದರೆ ಗರಿಷ್ಠ ಬೆಲೆಯೇ ಹೊರತು ಮಾರುವವನು ಕೊಂಡ ಬೆಲೆ ಅಲ್ಲ ಅನ್ನುವುದು ಅಂಗಡಿ ಇಟ್ಟವರಿಗೆಲ್ಲ ಗೊತ್ತು. ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 2018ರಲ್ಲಿ ದೆಹಲಿ ಸುತ್ತಿನ 4 ಖಾಸಗಿ ಆಸ್ಪತ್ರೆಗಳ ಬಿಲ್ಲು ತೆಗೆದು ನೋಡಿದಾಗ ಔಷಧಿ, ಸಿರಿಂಜುಗಳಂಥ ಸಾಮಾನಿನ ಮೇಲೆ ಶೇಕಡಾ 1,737ರವರೆಗೂ ಲಾಭ ಇಟ್ಟದ್ದು ಕಂಡಿತ್ತು. ಪಾಪದ ರೋಗಿ ಆಪರೇಷನ್ ಮೇಜಿನ ಮೇಲಿಂದ ಎದ್ದು ಬೇರೆ ಅಂಗಡಿಗೆ ಹೋಗಿ ವಿಚಾರಿಸಲು ಸಾಧ್ಯವೇ?

ಕಳಿಸಿಕೊಟ್ಟವರಿಗೆ ಪಾಲು ಕೊಡುವ ಪದ್ಧತಿಯದು ಇನ್ನೊಂದು ಕಥೆ. ರೋಗಿಯನ್ನು ಕಳಿಸಿದ್ದಕ್ಕೆ ಡಾಕ್ಟರು ಕಮಿಷನ್ ಕೊಡಬಾರದು, ತೆಗೆದುಕೊಳ್ಳಬಾರದು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮ ಸ್ಪಷ್ಟವಾಗಿ ಹೇಳುತ್ತೆ. ನಿಯಮ ಮಾಡಬೇಕಾಗಿ ಬಂತು ಅಂದರೆ ರೋಗ ಇತ್ತು ಎಂದೇ ಅಲ್ಲವೇ?

ದುಬಾರಿ ಎಲ್ಲ ಚಿನ್ನವೇ?

ಹೆಚ್ಚು ಕೊಟ್ಟರೆ ಹೆಚ್ಚು ಕಾಣುತ್ತೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನೇಪಾಳದ ಡಾ. ಸಂದುಕ್ ರುಯಿತ್ ಮತ್ತು ಸಂಗಡಿಗರು ಕೈಯಿಂದ ಮಾಡುವ ಆಪರೇಷನ್ನನ್ನೂ ಫೇಕೋವನ್ನೂ ಪಕ್ಕಪಕ್ಕ ಇಟ್ಟು ನೋಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳ ನಂತರ ಎರಡೂ ಗುಂಪಿನವರ ದೃಷ್ಟಿ ಹೆಚ್ಚುಕಮ್ಮಿ ಒಂದೇ ಆಗಿತ್ತು. ಕೈಯ ಆಪರೇಷನ್ ಬೇಗ ಮುಗಿಯುತ್ತಿತ್ತು, ಖರ್ಚೂ ಕಡಿಮೆ. ಫ್ರಾನ್ಸಿನಲ್ಲಿ ದುಬಾರಿ ಲೇಸರನ್ನು ಫೇಕೋ ಜತೆ ಹೋಲಿಸಿ 2020ರಲ್ಲಿ ವರದಿ ಬಂದಾಗ ಲೇಸರ್ ಹೆಚ್ಚೇನೂ ಮೇಲಲ್ಲ ಎಂದು ಕಂಡಿತು.

ಹಾಗಂತ ಅಗ್ಗದ್ದಕ್ಕೆ ಕಣ್ಣುಮುಚ್ಚಿ ಹೋಗಿ ಅಂತಲೂ ಹೇಳುತ್ತಿಲ್ಲ. 2019ರ ಜುಲೈಯಲ್ಲಿ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಪೊರೆ ಆಪರೇಷನ್ ಆದ ಹಲವರ ಕಣ್ಣಿಗೆ ಸೋಂಕು ತಗಲಿ ಕೆಲವರ ದೃಷ್ಟಿಯೇ ಹೋಯಿತು. ಆಪರೇಷನ್ನಿನಲ್ಲಿ ಬಳಸಿದ ಔಷಧದ ಕಡೆಗೆ ಆಗ ಬೆರಳು ತೋರಿಸಲಾಯಿತು. ಲೆನ್ಸು ಸಾದಾ ಆಗಿರಲಿ, ಶುಚಿತ್ವದಲ್ಲಿ ಮಾತ್ರ ಸಾದಾ ಅನ್ನುವುದೇ ಇರಕೂಡದು. ಪೊರೆ ಬಿಟ್ಟು ಬೇರೆ ಕಾಯಿಲೆಯೂ ಇದ್ದ ಕಣ್ಣಿಗೆ, ತೀರಾ ಗಟ್ಟಿಯಾದ ಪೊರೆಗೆ ಖರ್ಚು ಹೆಚ್ಚಾಗುವುದೂ ಸಹಜ.

ಟೋಲಿನಲ್ಲಿರುವ ಬೋರ್ಡು ಆಸ್ಪತ್ರೆಯಲ್ಲಿ?

ನಮ್ಮ ಶಾಂತಿಗ್ರಾಮದ ಟೋಲ್ ಗೇಟಿನಲ್ಲಿ ಕಾರಿಗೆ ಇಷ್ಟು, ಬಸ್ಸಿಗೆ ಇಷ್ಟು, ಲಾರಿಗೆ ಇಷ್ಟು ಅಂತ ಬೋರ್ಡು ಹಾಕಿದಾರೆ. ಬೈದುಕೊಂಡಾದರೂ ಸರಿ, ಎಷ್ಟು ಅಂತ ತಿಳಿದೇ ಕೊಡ್ತೀವಿ. ಕಣ್ಣಿನ ವಿಷಯದಲ್ಲಿ ಅಷ್ಟೂ ಬೇಡವೇ?

ಕಾನೂನು ಇದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಪ್ರತಿ ಖಾಸಗಿ ಆಸ್ಪತ್ರೆಯೂ ತನ್ನ ದರಪಟ್ಟಿಯನ್ನು ಪುಸ್ತಿಕೆಯಲ್ಲಿ ಕೊಡಬೇಕು, ನೋಟಿಸ್ ಬೋರ್ಡಿನಲ್ಲೂ ಎದ್ದು ಕಾಣುವಂತೆ ಹಾಕಬೇಕು. ಆಗ ಆರೋಗ್ಯ ಮಂತ್ರಿಯಾಗಿದ್ದ ರಮೇಶ್ ಕುಮಾರ್ ಅವರು 2017ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸರ್ಕಾರವೇ ದರ ಕಟ್ಟುವ ತಿದ್ದುಪಡಿ ತರಲು ಹೊರಟರು. ನವೆಂಬರಿನಲ್ಲಿ ಖಾಸಗಿ ಡಾಕ್ಟರುಗಳು ಬಾಗಿಲು ಹಾಕಿ ಮುಷ್ಕರ ಕೂತರು, ರೋಗಿಗಳು ಪರದಾಡಿದರು. ಕೊನೆಗೆ ಪಾಸಾದ ತಿದ್ದುಪಡಿಯಲ್ಲಿ ದರ ಕಟ್ಟುವ ಅಧಿಕಾರ ಸರ್ಕಾರಿ ಯೋಜನೆಗಳ ಪ್ಯಾಕೇಜಿಗೆ ಮಾತ್ರ ಉಳಿಯಿತು. ಸ್ವಂತ ದುಡ್ಡು ಕೊಡುವವನ ರೇಟು ಆಸ್ಪತ್ರೆಯವರ ಕೈಯಲ್ಲೇ ಉಳಿಯಿತು. ಆದರೆ ಬೋರ್ಡಿನ ನಿಯಮ ಹೋಗಲಿಲ್ಲ. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವೂ ಇದೆ.

ಬೋರ್ಡು ಹಾಕಿದರೂ 'ಕ್ಯಾಟರಾಕ್ಟ್: ಇಷ್ಟು ಸಾವಿರದಿಂದ' ಅಂತ ಬರೆದರೆ ಉಪಯೋಗ ಇಲ್ಲ. ಆ 'ದಿಂದ' ಎಂಬ ಎರಡಕ್ಷರದೊಳಗೆ ಲಕ್ಷ ರೂಪಾಯಿ ಅಡಗಬಹುದು. ಯಾವ ವಿಧಾನ, ಯಾವ ಲೆನ್ಸು, ಏನೇನು ಸೇರಿ ಎಷ್ಟು ಎಂಬುದು ಕನ್ನಡದಲ್ಲಿ ಇರಬೇಕು. ಒಂದೇ ರೇಟು ಬೇಕು ಅಂತ ನಾವು ಹಠ ಹಿಡಿಯುತ್ತಿಲ್ಲ. ಹತ್ತು ರೇಟು ಇರಲಿ, ಹತ್ತಕ್ಕೂ ಹೆಸರಿರಲಿ.

ಹೋಗುವ ಮುಂಚೆ

ಖಾಸಗಿಗೆ ಹೋಗುವವರು ಐದು ಮಾತು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಯಾವ ವಿಧಾನ? ಯಾವ ಕಂಪನಿಯ ಯಾವ ಲೆನ್ಸು? ಈ ಮೊತ್ತದಲ್ಲಿ ಪರೀಕ್ಷೆ, ಔಷಧಿ, ಮತ್ತೆ ಬಂದು ತೋರಿಸುವುದು ಎಲ್ಲ ಸೇರಿದೆಯಾ? ಆಮೇಲೆ ಕನ್ನಡಕ ಬೇಕಾಗುತ್ತಾ? ಇದಕ್ಕಿಂತ ಕಡಿಮೆಯದು ಹಾಕಿದರೆ ನನ್ನ ಕಣ್ಣಿಗೆ ಏನು ನಷ್ಟ? ಕೊನೆಯ ಪ್ರಶ್ನೆಗೆ ಡಾಕ್ಟರು ಸಮಾಧಾನವಾಗಿ ಉತ್ತರ ಕೊಟ್ಟರೆ ಅರ್ಧ ಚಿಂತೆ ಕಳೆದ ಹಾಗೆ. ಆಪರೇಷನ್ ಆದ ಮೇಲೆ ಲೆನ್ಸಿನ ಡಬ್ಬಿಯ ಸ್ಟಿಕ್ಕರ್ ಕೇಳಿ ಇಟ್ಟುಕೊಳ್ಳಿ.

ದುಡ್ಡಿಲ್ಲದವರು ಹಾಸನದ ಬಸ್ಸು ಹತ್ತಿ ಜಿಲ್ಲಾಸ್ಪತ್ರೆಗೆ ಹೋಗಿ. ಅದು 2006ರಲ್ಲಿ ಶುರುವಾದ ಹಾಸನ ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆ. ರೇಷನ್ ಕಾರ್ಡು, ಆಧಾರ್ ಜತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಎ.ಪಿ.ಎಲ್.ನವರಿಗೆ ಪ್ಯಾಕೇಜಿನ ಶೇಕಡಾ 30 ಸಿಗುತ್ತೆ. ತುರ್ತು ಅಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ನೇರ ಖಾಸಗಿಗೆ ಹೋಗಿ ಕಾರ್ಡು ತೋರಿಸಿದರೆ ನಡೆಯೋಲ್ಲ.

ಎಷ್ಟಾಗುತ್ತೋ ಏನೋ ಎಂಬ ಭಯಕ್ಕೆ ಎಷ್ಟೋ ಮನೆಯಲ್ಲಿ ಮುದುಕಮ್ಮಂದಿರು "ಈ ಸಲದ ಬೆಳೆ ಬರಲಿ, ಆಮೇಲೆ ನೋಡೋಣ" ಅಂತ ಗೋಡೆ ತಡವುತ್ತಾ ಕೂತಿದ್ದಾರೆ. ಬಿಟ್ಟಷ್ಟೂ ಪೊರೆ ಗಟ್ಟಿಯಾಗುತ್ತೆ, ಆಪರೇಷನ್ ಕಷ್ಟವಾಗುತ್ತೆ. ಕೆಲವರಿಗೆ ಕಣ್ಣಿನ ಒತ್ತಡ ಏರಿ ನರವೇ ಕೆಡುತ್ತೆ. ಆಗ ಯಾವ ರೇಟು ಕೊಟ್ಟರೂ ಹೋದ ದೃಷ್ಟಿ ವಾಪಸ್ ಬರೋಲ್ಲ.

ಅದಕ್ಕೇ ಜಿಲ್ಲಾಧಿಕಾರಿಗಳಲ್ಲಿ, ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ನಮ್ಮದು ಒಂದೇ ಅರಿಕೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಖಾಸಗಿ ಆಸ್ಪತ್ರೆಗಳಲ್ಲಿ ದರಪಟ್ಟಿಯ ಬೋರ್ಡು ಇದೆಯೇ, ಅದು ಓದಿದರೆ ಅರ್ಥವಾಗುವಂತಿದೆಯೇ ಎಂದು ಒಮ್ಮೆ ನೋಡಿ ಬರಬಾರದೇ? ಪೊರೆ ಬಂದವರಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರೆಸಿದರಂತೂ ಪುಣ್ಯ ಬರುತ್ತೆ.