ಕೈಯಲ್ಲೊಂದು ದೀಪ, ಜೊತೆಗೊಂದು ಹಾಡು

2008ರ ಜೂನ್ ತಿಂಗಳು. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರದ ಒಲಿಂಪಿಕ್ ಕ್ರೀಡಾಂಗಣದಲ್ಲಿ ಹಲವು ಗಾಯನ ತಂಡಗಳ ಕಾರ್ಯಕ್ರಮ. ಒಂದೊಂದು ತಂಡ ವೇದಿಕೆ ಏರಿದಾಗಲೂ ಅದರ ಅಭಿಮಾನಿಗಳು ಕೈದೀಪ ಬೀಸಿ ಸ್ವಾಗತಿಸುತ್ತಿದ್ದರು. ಆಗ 'ಗರ್ಲ್ಸ್ ಜನರೇಷನ್' ಎಂಬ ಒಂಬತ್ತು ಹುಡುಗಿಯರ ತಂಡ ಬಂದಿತು. ಅವರು ರಂಗಕ್ಕೆ ಬಂದು ಇನ್ನೂ ಒಂದು ವರ್ಷ ಆಗಿರಲಿಲ್ಲ. ಬೇರೆ ತಂಡಗಳ ಅಭಿಮಾನಿಗಳು ಒಮ್ಮೆಗೇ ದೀಪಗಳನ್ನು ಆರಿಸಿಬಿಟ್ಟರು. ಸುಮಾರು ಹತ್ತು ನಿಮಿಷ ಆ ಹುಡುಗಿಯರು ಕತ್ತಲೆಯತ್ತ ಮುಖ ಮಾಡಿ ಹಾಡಿ, ಕುಣಿದು ಮುಗಿಸಿದರು. ಯಾರೂ ಕಲ್ಲು ತೂರಲಿಲ್ಲ. ಬೆಳಕನ್ನು ಹಿಂತೆಗೆದುಕೊಂಡದ್ದೇ ಶಿಕ್ಷೆಯಾಯಿತು.

ಇಂದು ನಮ್ಮ ಅನೇಕ ಮನೆಗಳಲ್ಲಿ ಮಕ್ಕಳ ಕೋಣೆಯ ಗೋಡೆಯ ಮೇಲೆ ಕೊರಿಯಾದ ಗಾಯಕರ ಚಿತ್ರಗಳಿವೆ. 'ಭಾಷೆ ತಿಳಿಯದ ಈ ಹಾಡಿನಲ್ಲಿ ಅಂಥದ್ದೇನಿದೆ?' ಎಂದು ತಂದೆ ತಾಯಿಯರು ಕೇಳುತ್ತಾರೆ. ಉತ್ತರ ಬೇಕಾದವರು ಆ ಕೈದೀಪದ ಕಥೆಯನ್ನು ಪೂರ್ತಿ ತಿಳಿಯಬೇಕು.

ಕೆ-ಪಾಪ್ ಎಂದು ಹೆಸರಾದ ಈ ಸಂಗೀತದ ಆರಂಭವನ್ನು 1992ರಲ್ಲಿ ಬಂದ 'ಸೊ ತೈಜಿ ಅಂಡ್ ಬಾಯ್ಸ್' ತಂಡದಿಂದ ಗುರುತಿಸುವುದು ವಾಡಿಕೆ. 1996ರಲ್ಲಿ 'ಎಚ್.ಒ.ಟಿ.' ತಂಡ ಬಂದಾಗ ಅದರ ಅಭಿಮಾನಿಗಳು ಬಿಳಿ ಬಲೂನು ಹಿಡಿದರು. ಮರುವರ್ಷ ಬಂದ ಎದುರಾಳಿ ತಂಡದವರದು ಹಳದಿ ಬಲೂನು. ಬಲೂನಿನ ಜಾಗಕ್ಕೆ ಮುಂದೆ ದೀಪ ಬಂತು. ಈಗಿನ ದೀಪದೊಳಗೆ ಕೆಂಪು, ಹಸಿರು, ನೀಲಿ ಬಣ್ಣದ ಪುಟ್ಟ ಎಲ್‌ಇಡಿಗಳಿರುತ್ತವೆ. ಇವುಗಳ ಪ್ರಮಾಣ ಬದಲಾದಂತೆ ಬೇಕಾದ ಬಣ್ಣ ಮೂಡುತ್ತದೆ. ಆಸನದ ಸಂಖ್ಯೆಯನ್ನು ಮೊಬೈಲಿನ ಮೂಲಕ ದೀಪಕ್ಕೆ ತಿಳಿಸಿಟ್ಟರೆ ಸಾಕು; ಕಾರ್ಯಕ್ರಮದ ವೇಳೆ ಬರುವ ರೇಡಿಯೊ ಸಂಕೇತಕ್ಕೆ ಸಾವಿರಾರು ದೀಪಗಳು ಒಟ್ಟಿಗೆ ಬಣ್ಣ ಬದಲಿಸುತ್ತವೆ. ಅಲ್ಲಿ ಕುಳಿತ ಪ್ರತಿಯೊಬ್ಬರೂ ದೊಡ್ಡದೊಂದು ಚಿತ್ರದ ಒಂದು ಚುಕ್ಕೆ.

ಈ 'ಒಟ್ಟಿಗೆ' ಎಂಬುದರಲ್ಲೇ ಗುಟ್ಟಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರೆಜಿಲ್ ದೇಶದ ಶಾಲಾ ಮಕ್ಕಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. ಮಕ್ಕಳನ್ನು ಗುಂಪುಗಳಲ್ಲಿ ಕುಣಿಸಿ, ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ತೋಳಿಗೆ ಬಿಗಿದು, ಎಷ್ಟು ನೋವು ತಡೆದುಕೊಳ್ಳುತ್ತಾರೆಂದು ನೋಡಿದರು. ಒಂದೇ ಲಯಕ್ಕೆ ಒಂದೇ ಹೆಜ್ಜೆ ಹಾಕಿದವರ ಸಹನೆ ಹೆಚ್ಚಿತು. ಪರಸ್ಪರ ಆತ್ಮೀಯತೆಯೂ ಹೆಚ್ಚಿತು. ಮಿದುಳಿನಲ್ಲಿ ಹುಟ್ಟುವ ಎಂಡಾರ್ಫಿನ್ ಎಂಬ ನೋವುನಿವಾರಕಗಳು ಇದಕ್ಕೆ ಕಾರಣವಿರಬೇಕೆಂಬುದು ಅವರ ತರ್ಕ. ನಮ್ಮ ಕೋಲಾಟ, ಭಜನೆಗಳಲ್ಲಿ ಪಾಲ್ಗೊಂಡವರಿಗೆ ಇದು ಅನುಭವದಿಂದಲೇ ಗೊತ್ತು. ಪರೀಕ್ಷೆಯ ಭಯ, ಹೊಸ ಶಾಲೆಯ ಒಂಟಿತನಗಳಲ್ಲಿ ತೊಳಲುವ ಹುಡುಗಿಗೆ ಗೆಳತಿಯೊಡನೆ ಕೊರಿಯನ್ ಹಾಡಿನ ಹೆಜ್ಜೆ ಕಲಿಯುವುದು ಸಾಂತ್ವನ ನೀಡಿದರೆ ಅದರಲ್ಲಿ ವಿಚಿತ್ರವೇನೂ ಇಲ್ಲ.

ಹಾಡಿನ ಹಿಂದೆ ಹವ್ಯಾಸಗಳೂ ಬರುತ್ತವೆ. ಕೆಲವರು ಚಿತ್ರ ಬಿಡಿಸುತ್ತಾರೆ. ಕೆಲವರು ಕೊರಿಯಾದ ಲಿಪಿ 'ಹಾಂಗುಲ್' ಕಲಿಯುತ್ತಾರೆ. ರಾಜ ಸೆಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಜನರಿಗೆ ನೀಡಿದ ಲಿಪಿ ಇದು. ಇಂದು ಬಳಕೆಯಲ್ಲಿರುವ ಮೂಲ ಅಕ್ಷರಗಳು 24 ಮಾತ್ರ. 'ಗ' ಎನ್ನುವಾಗ ನಾಲಗೆ ಹಿಂದೆ ಮಡಚುವ ಆಕಾರವೇ ಆ ಅಕ್ಷರದ ಆಕಾರ; 'ಮ' ಅಕ್ಷರ ಬಾಯಿಯ ಚಿತ್ರ. ಉಸಿರು ಹೆಚ್ಚಾದರೆ ಅಕ್ಷರಕ್ಕೊಂದು ಗೆರೆ ಸೇರುತ್ತದೆ. ಕನ್ನಡದಲ್ಲೂ 'ಪ' ಅಕ್ಷರದ ಅಡಿ ಸೀಳಿದರೆ 'ಫ', 'ದ' ಅಕ್ಷರದ ಅಡಿ ಸೀಳಿದರೆ 'ಧ' ಆಗುವುದಿಲ್ಲವೇ? ನಮ್ಮ ವರ್ಣಮಾಲೆಯೂ ಗಂಟಲಿನಿಂದ ತುಟಿಯವರೆಗೆ ಕ್ರಮವಾಗಿ ಸಾಗುತ್ತದೆ. ಹಾಂಗುಲ್ ಕಲಿತ ಮಗು ಕವರ್ಗ, ಚವರ್ಗಗಳನ್ನು ಹೊಸ ಕಣ್ಣಿನಿಂದ ನೋಡೀತು.

ಆದರೆ ಎಚ್ಚರವೂ ಬೇಕು. ಗಾಯಕರ ಧ್ವನಿಸುರುಳಿಗಳ ಜೊತೆ ತಂಡದ ಯಾರಾದರೊಬ್ಬರ ಭಾವಚಿತ್ರದ ಕಾರ್ಡು ಇರುತ್ತದೆ. ಯಾರದೆಂದು ಕೊಂಡು ಬಿಚ್ಚುವವರೆಗೆ ತಿಳಿಯದು. ಏಳು ಜನರ ತಂಡವೆಂದುಕೊಳ್ಳಿ; ಪ್ರತಿಯೊಬ್ಬರ ಕಾರ್ಡೂ ಸಮ ಸಂಖ್ಯೆಯಲ್ಲಿದೆ ಎನ್ನಿ. ಏಳೂ ಕಾರ್ಡು ಕೂಡಿಸಲು ಎಷ್ಟು ಕೊಳ್ಳಬೇಕು? ಏಳು ಸಾಲದು. ಸಂಭವನೀಯತೆಯ ಲೆಕ್ಕದಂತೆ ಸರಾಸರಿ 18! ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬಹುದು: 1, 1/2, 1/3 ಎಂದು 1/7ರವರೆಗೆ ಕೂಡಿ ಏಳರಿಂದ ಗುಣಿಸಿದರಾಯಿತು. ಗಣಿತ ಬಲ್ಲವರ ಜೇಬು ಸುಲಭವಾಗಿ ಬರಿದಾಗದು.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. 2024ರ ಜನವರಿಯಲ್ಲಿ ತಮಿಳುನಾಡಿನ 13 ವರ್ಷದ ಮೂವರು ಹುಡುಗಿಯರು 'ಬಿಟಿಎಸ್' ತಂಡವನ್ನು ನೋಡಲೆಂದು, ವಿಶಾಖಪಟ್ಟಣದಿಂದ ಹಡಗು ಹತ್ತುವ ಆಸೆಯಿಂದ, ಮನೆ ಬಿಟ್ಟು ಹೊರಟರು. ಕಾಟ್ಪಾಡಿ ರೈಲು ನಿಲ್ದಾಣದಲ್ಲಿ ಸುರಕ್ಷಿತವಾಗಿ ಸಿಕ್ಕರು. ಪರದೆಯ ಮೇಲಿನ ವ್ಯಕ್ತಿ ತನ್ನ ಸ್ವಂತ ಗೆಳೆಯನೆಂದು ಅನಿಸುವ ಈ ಏಕಮುಖ ಸ್ನೇಹವನ್ನು ಅಮೆರಿಕದ ಇಬ್ಬರು ವಿದ್ವಾಂಸರು 1956ರಷ್ಟು ಹಿಂದೆಯೇ ವಿವರಿಸಿದ್ದರು. ಅದು ಕಾಯಿಲೆಯೇನಲ್ಲ. ಆದರೆ ಆ ಗೆಳೆಯ ನಮ್ಮನ್ನು ಅರಿಯ. ಅಳುವಾಗ ಹೆಗಲು ಕೊಡುವವರು ಹತ್ತಿರದಲ್ಲೇ ಇರಬೇಕು.

ಈಗ ಮತ್ತೆ ದೀಪದ ಕಥೆಗೆ ಬರೋಣ. 2016ರ ಜುಲೈಯಲ್ಲಿ ಸೋಲ್ ನಗರದ ಈವಾ ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಆಡಳಿತದ ಯೋಜನೆಯೊಂದನ್ನು ವಿರೋಧಿಸಿ ಧರಣಿ ಕುಳಿತಿದ್ದರು. ಸಾವಿರಕ್ಕೂ ಹೆಚ್ಚು ಪೊಲೀಸರು ಬಂದಾಗ ತೋಳಿಗೆ ತೋಳು ಸೇರಿಸಿ ಅವರು ಹಾಡಿದ್ದು 'ಇನ್‌ಟು ದ ನ್ಯೂ ವರ್ಲ್ಡ್' ಎಂಬ ಹಾಡನ್ನು. ಅಂದು ಕತ್ತಲೆಯಲ್ಲಿ ನಿಂತ ಅದೇ ಒಂಬತ್ತು ಹುಡುಗಿಯರ ಮೊದಲ ಹಾಡದು! 2024ರ ಡಿಸೆಂಬರ್ 3ರ ರಾತ್ರಿ ದೇಶದ ಅಧ್ಯಕ್ಷರು ಸೇನಾಡಳಿತ ಘೋಷಿಸಿದಾಗ ಸಂಸತ್ತು ಕೆಲವೇ ಗಂಟೆಗಳಲ್ಲಿ ಅದನ್ನು ತಿರಸ್ಕರಿಸಿತು. ನಂತರದ ದಿನಗಳಲ್ಲಿ ಸಂಸತ್ತಿನ ಮುಂದೆ ನೆರೆದ ಯುವಜನರ ಕೈಯಲ್ಲಿ ಇದ್ದದ್ದು ಸಂಗೀತ ಸಭೆಯ ಅದೇ ಕೈದೀಪಗಳು. ಕೊರೆಯುವ ಚಳಿಗಾಳಿಗೆ ಮೇಣದ ಬತ್ತಿ ಆರೀತು, ಎಲ್‌ಇಡಿ ಆರದು. ಬೇರೆ ಬೇರೆ ತಂಡಗಳ ಅಭಿಮಾನಿಗಳು ತಮ್ಮ ತಮ್ಮ ಬಣ್ಣ ಹಿಡಿದು ಅಕ್ಕಪಕ್ಕ ನಿಂತರು. ಆ ಹಾಡನ್ನು ಎಲ್ಲರೂ ಕೂಡಿ ಹಾಡಿದರು. ಈ ಬಾರಿ ಯಾರ ದೀಪವನ್ನೂ ಯಾರೂ ಆರಿಸಲಿಲ್ಲ.

ಅಭಿಮಾನಕ್ಕೆ ಎರಡು ಮುಖಗಳು. ಒಬ್ಬರನ್ನು ಕತ್ತಲೆಗೆ ತಳ್ಳುವ ಶಕ್ತಿಯೇ ಹಲವರನ್ನು ಬೆಳಕಿಗೆ ತರುವ ಶಕ್ತಿಯೂ ಹೌದು. ಯಾವ ಮುಖ ಬೆಳೆಯುತ್ತದೆ ಎಂಬುದರಲ್ಲಿ ಮನೆಯ ಪಾತ್ರ ದೊಡ್ಡದು. ಗೋಡೆಯ ಚಿತ್ರ ಕಿತ್ತೊಗೆದರೆ ಮಗು ಬಾಗಿಲು ಹಾಕಿಕೊಂಡೀತು. ಅದರ ಬದಲು ಒಂದು ಸಂಜೆ ಪಕ್ಕದಲ್ಲಿ ಕುಳಿತು, 'ಇವರಲ್ಲಿ ನಿನಗೆ ಇಷ್ಟವಾದವರು ಯಾರು? ಆ ಹಾಡಿನ ಅರ್ಥವೇನು?' ಎಂದು ಕೇಳಿ ನೋಡಬಾರದೇಕೆ? ಹಾಡಿನ ಮಾತು ಮುಗಿದ ಮೇಲೆ ಶಾಲೆಯ ಮಾತು, ಮನಸ್ಸಿನ ಮಾತು ತಾನಾಗಿ ಹೊರಬರುತ್ತದೆ.